ಕೊಸರು ತೂಗಿದ ದಿನ

ವಿಮಾನ ಹತ್ತುವ ಮನುಷ್ಯನಿಗೆ ಟಿಕೆಟ್ ಹೇಗೋ, ವಿಮಾನ ಹತ್ತುವ ಸರಕಿಗೆ ಏರ್‌ವೇ ಬಿಲ್ಲು ಹಾಗೆ. ಯಾರು ಕಳಿಸುತ್ತಾರೆ, ಯಾರಿಗೆ ಹೋಗುತ್ತದೆ, ಎಷ್ಟು ಡಬ್ಬಿ, ಎಷ್ಟು ತೂಕ, ಒಳಗೇನಿದೆ, ಎಲ್ಲವೂ ಆ ಒಂದು ಹಾಳೆಯಲ್ಲಿರಬೇಕು. ಆದೋನಿಯ ನನ್ನ ಪಾರ್ಸಲ್ ಅಂಗಡಿಯಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮೇಲೆ ಇದನ್ನು ಕೈಯಲ್ಲೇ ಬರೆದೆ. ಒಂದರ ಕೆಳಗೊಂದು ಎಂಟು ಹಾಳೆ. ಮೇಲೆ ಒತ್ತಿ ಬರೆದದ್ದು ಎಂಟನೆಯದರಲ್ಲೂ ಓದಲು ಬರಬೇಕು. ನನ್ನ ಎಂಟನೆಯ ಹಾಳೆ ಕಾಣಿಸುತ್ತಿಲ್ಲ ಎಂದು ಹೈದರಾಬಾದಿನಿಂದ ಯಾರೂ ಒಂದು ಸಲ ಫೋನ್ ಮಾಡಿದ್ದಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಇಂಗ್ಲಿಷಿನ ದೊಡ್ಡಕ್ಷರ ಕಲಿತದ್ದು ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುವಾಗ, ಬೇಲುಗಳ ಮೇಲೆ ಕಪ್ಪು ಮಸಿಯಲ್ಲಿ ಹೊಡೆದ ಗುರುತುಗಳನ್ನು ನೋಡಿ. ಅದಕ್ಕೇ ನನ್ನ ಅಕ್ಷರ ಅಚ್ಚು ಹೊಡೆದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದರ ಬಗ್ಗೆ ಹೆಮ್ಮೆ ಇತ್ತು, ಈಗಲೂ ಇದೆ.

ಆ ಹಾಳೆಗಳೇ ಇನ್ನು ಬೇಡ ಎಂಬ ಸುದ್ದಿ ಬಂದದ್ದು ಬೇಸಿಗೆಯ ಮೊದಲಿಗೆ. ಹೈದರಾಬಾದಿನಲ್ಲಿ ನಮ್ಮ ದೊಡ್ಡ ಏಜೆಂಟರ ಆಫೀಸು ಇದೆ. ವಿಮಾನ ಕಂಪನಿಗೂ ನನ್ನಂಥ ಊರೂರಿನ ಸಣ್ಣವರಿಗೂ ನಡುವೆ ಇರುವವರು ಅವರು. ಅಲ್ಲಿ ಸರಕು ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ತೆಲುಗಿನವರು, ಮಾತು ಕಡಿಮೆ. ಅಣ್ಣ ಎನ್ನುವುದು ಅವರ ಬಾಯಲ್ಲಿ 'ಅನ್ನಾ'.

"ಅನ್ನಾ, ಬರೋ ತಿಂಗಳಿಂದ ಕಾಗದ ತಗೊಳಲ್ಲ. ಎಲ್ಲಾ ಕಂಪ್ಯೂಟರಲ್ಲೇ ಕಳಿಸಬೇಕು. ನಿಮಗೆ ಮೂರು ಲಾಟು ಟೈಮು. ಮೂರರಲ್ಲಿ ಒಂದಾದ್ರೂ ತಪ್ಪಿಲ್ಲದೆ ಹೋದ್ರೆ ನಿಮ್ಮ ಕೋಡು ಉಳೀತದೆ. ಇಲ್ಲಾಂದ್ರೆ ಆದೋನಿ ಸರಕನ್ನ ಕರ್ನೂಲಿನವರಿಗೆ ಕೊಡಂತ ಮೇಲಿನವರು ಹೇಳಿದಾರೆ."

ಕೋಡು ಎಂದರೆ ನನ್ನ ಅಂಗಡಿಗೆ ಅವರು ಕೊಟ್ಟ ಅಂಕಿ. ಅದು ಹೋದರೆ ಅಂಗಡಿ ಇರುತ್ತದೆ, ಬಸ್ಸಿನ ಪಾರ್ಸಲ್ ಹಾಕಿಕೊಂಡು ಬದುಕಬಹುದು. ಆದರೆ ವಿಮಾನದ ಕೆಲಸ ನಾನು ಕಟ್ಟಿದ್ದು. ಆದೋನಿಯಿಂದ ಏರ್ ಕಾರ್ಗೋ ಹೋಗುತ್ತದೆಯೇ ಎಂದು ನಕ್ಕ ಜನರ ಮುಂದೆ ಕಟ್ಟಿದ್ದು. ಎಮ್ಮಿಗನೂರಿನ ಮಗ್ಗದ ಬಟ್ಟೆ, ಹತ್ತಿಯ ಮಾದರಿ ಚೀಲ, ಮಿಲ್ಲಿನ ಬಿಡಿಭಾಗ ಎಲ್ಲ ನನ್ನ ಕೈಯಿಂದ ಹೋಗಿವೆ. ಆ ವರ್ಷ ಹೊಸದಾಗಿ ಬಂದದ್ದು ಹೊಳಗುಂದದ ಕಡೆಯ ಅಂಜೂರ. ಬೋರಿನ ನೀರಿನಲ್ಲಿ ಆರು ಮನೆಯವರು ಸೇರಿ ಬೆಳೆದ ಹಣ್ಣು, ದೆಹಲಿಯ ಒಬ್ಬ ವ್ಯಾಪಾರಿಗೆ. ಹಣ್ಣಾದ ಅಂಜೂರ ಕಾಯುವುದಿಲ್ಲ. ಬೆಳಿಗ್ಗೆ ಕಿತ್ತರೆ ಮರುದಿನ ಗಿರಾಕಿಯ ಕೈಯಲ್ಲಿರಬೇಕು. ಒಂದು ಸಲಕ್ಕೆ ಕಳಿಸುವ ಸರಕು ಒಂದು ಲಾಟು. ಮೇಡಂ ಹೇಳಿದ ಮೂರು ಲಾಟು ಎಂದರೆ ಈ ಅಂಜೂರದ ಮೂರು ಲಾಟುಗಳೇ.

ಕಂಪ್ಯೂಟರ್ ತಂದೆ. ಅದನ್ನು ನಡೆಸುವವರು ಬೇಕಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಆಚಾರ್ರು ಇದ್ದಾರೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ರಿಟೈರಾದವರು. ಟೈಪು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಮನೆಯಲ್ಲಿ ಕೂತು ಬೇಸರವೂ ಬಂದಿತ್ತು. ಕೇಳಿದ ಕೂಡಲೇ ಒಪ್ಪಿದರು, ಮೂರು ಷರತ್ತು ಹಾಕಿ. ಪೂಜೆ ಮುಗಿಯದೆ ಬರುವುದಿಲ್ಲ, ನೀರು ಮನೆಯದೇ, ಅವಸರ ಮಾಡಬಾರದು.

"ನಾ ಬರಿತೀನಿ ಮೇಸ್ತ್ರಿ, ನೀ ಹೇಳು," ಎಂದು ಕನ್ನಡಕ ಏರಿಸಿಕೊಂಡು ಕೂತರು. ಹಮಾಲರ ಮೇಸ್ತ್ರಿಯಾಗಿದ್ದಾಗಿನ ಹೆಸರು ಅದು. ಅಂಗಡಿ ಮಾಡಿದ ಮೇಲೂ ಅವರ ಬಾಯಲ್ಲಿ ಅದೇ.

ಕಾಗದದಲ್ಲಿ ಎಲ್ಲಿ ಬೇಕಾದರೂ ಮೊದಲು ಬರೆಯಬಹುದು. ಇಲ್ಲಿ ಹಾಗಲ್ಲ. ಒಂದು ಖಾನೆ ತುಂಬದೆ ಇನ್ನೊಂದು ತೆರೆಯುವುದಿಲ್ಲ. ಎಲ್ಲ ತುಂಬಿ ಗುಂಡಿ ಒತ್ತಿದರೆ ವಿವರ ನೇರವಾಗಿ ವಿಮಾನ ಕಂಪನಿಗೆ ಹೋಗುತ್ತದೆ. ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮೊದಲ ದಿನ ಕಲಿಯಲೆಂದು ಸುಮ್ಮನೆ ತುಂಬಿದ ಬಿಲ್ಲು ಹನ್ನೊಂದು ಸಲ ಕೆಂಪಾಗಿ ತಿರುಗಿ ಬಂತು. ಒಮ್ಮೆ ಪಿನ್‌ಕೋಡಿಲ್ಲ, ಒಮ್ಮೆ ಡಬ್ಬಿಯ ಉದ್ದ ಅಗಲ ಇಲ್ಲ, ಒಮ್ಮೆ ಏನು ತಪ್ಪೆಂದೇ ಹೇಳಲಿಲ್ಲ.

"ನನ್ನ ಬಿಲ್ಲು ಇಪ್ಪತ್ತು ವರ್ಷದಾಗ ಒಬ್ಬ ತಿರುಗಿ ಕಳ್ಸಿಲ್ಲ, ಆಚಾರ್ರ," ಎಂದೆ.

"ನಿನ್ನ ಬಿಲ್ಲು ನೋಡಿದವ ಮನುಷ್ಯ ಇದ್ದ, ಮೇಸ್ತ್ರಿ. ಮುಖ ನೋಡಿ ತಗೊಂತಿದ್ದ. ಇದಕ್ಕ ನಿನ್ನ ಮುಖ ಕಾಣಂಗಿಲ್ಲ. ಪುಣ್ಯ ಮಾಡೇತಿ."

ಹನ್ನೆರಡನೆಯ ಸಲ ಹಸಿರಾಯಿತು. ಬಿಲ್ಲು ಹಸಿರಾದ ಮೇಲೆ ಇನ್ನೊಂದು ಸಣ್ಣ ಯಂತ್ರದಿಂದ ಲೇಬಲ್ ಹೊರಬರುತ್ತದೆ. ಡಬ್ಬಿಗೊಂದು. ಪ್ರತಿ ಲೇಬಲ್ಲಿನ ಮೇಲೂ ಕಪ್ಪು ಗೆರೆಗಳ ಬಾರ್‌ಕೋಡು, ಬಿಲ್ಲಿನ ನಂಬರು, ಅರವತ್ತರಲ್ಲಿ ಒಂದನೆಯದು, ಅರವತ್ತರಲ್ಲಿ ಎರಡನೆಯದು, ಹೀಗೆ. ಅದನ್ನು ಡಬ್ಬಿಗೆ ಅಂಟಿಸಿದರೆ ಹೈದರಾಬಾದಿನ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಕೈಯಂತ್ರ ಹಿಡಿದು ಓದಿಕೊಳ್ಳುತ್ತಾರೆ.

ಮೊದಲ ಲಾಟಿಗೆ ನಾನು ಜಾಣತನ ಮಾಡಿದೆ. ಅಂಗಡಿಯಲ್ಲೇ ಹಿಂದಿನ ದಿನ ಬಿಲ್ಲು ಮಾಡಿ, ಲೇಬಲ್ ತೆಗೆದು, ಗಾಡಿಯ ಡ್ರೈವರನ ಕೈಗೆ ಕೊಟ್ಟು ತೋಟಕ್ಕೆ ಕಳಿಸಿದೆ. ಡ್ರೈವರ್ ಆದೋನಿಯ ಸಾಬ, ಹದಿನೈದು ವರ್ಷದಿಂದ ನನ್ನ ಜೊತೆ ಇರುವ ಗೆಳೆಯ. ಅವನು ಲೇಬಲ್ಲುಗಳನ್ನು ಗಾಡಿಯ ಮುಂದಿನ ಗಾಜಿನ ಕೆಳಗೆ ಇಟ್ಟ. ನಮ್ಮ ಬಿಸಿಲು ಗೊತ್ತಲ್ಲ. ಅಲ್ಲಿ ಚಪಾತಿ ಇಟ್ಟರೂ ಬೇಯುತ್ತದೆ. ಆ ಲೇಬಲ್ಲಿನ ಕಾಗದ ಶಾಖಕ್ಕೆ ಕಪ್ಪಾಗುವ ಜಾತಿಯದು, ಯಂತ್ರದಲ್ಲಿ ಅಕ್ಷರ ಮೂಡುವುದೂ ಶಾಖದಿಂದಲೇ. ಮರುದಿನ ಬೆಳಿಗ್ಗೆ ತೋಟದಲ್ಲಿ ತೆಗೆದು ನೋಡಿದರೆ ಮೇಲಿನ ಅರ್ಧಕ್ಕರ್ಧ ಹಾಳೆ ಮಸಿ ಬಳಿದಂತೆ ಕಪ್ಪು.

"ಭಾಯ್, ಇದು ಏನ್ ಛಾಪಾ ಮಾಡೀರೋ, ಅಮಾವಾಸಿ ರಾತ್ರಿ ಇದ್ದಂಗ ಐತಿ," ಎಂದು ಫೋನಿನಲ್ಲಿ ನಕ್ಕ.

ನನಗೆ ನಗು ಬರಲಿಲ್ಲ. ಹೊಸ ಲೇಬಲ್ ಮಾಡಿಸಿಕೊಳ್ಳಲು ಗಾಡಿ ಆದೋನಿಗೆ ಬಂದು ಹೋಗುವ ಹೊತ್ತಿಗೆ ಶೆಡ್ಡು ಸರಕು ತೆಗೆದುಕೊಳ್ಳುವ ಸಮಯ ಮೀರಿತು. ಹಣ್ಣು ಮರುದಿನದ ವಿಮಾನಕ್ಕೆ ಹೋಯಿತು, ಮೂರರಲ್ಲೊಂದು ಪಾಲು ಮೆತ್ತಗಾಗಿ. ಮೇಡಂ ಹೇಳಿದ್ದು ಒಂದೇ ಮಾತು, "ಒಕಟಿ ಅಯಿಂದಿ, ಅನ್ನಾ." ಒಂದು ಆಯಿತು.

ಎರಡನೆಯದಕ್ಕೆ ಲೇಬಲ್ಲುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿ ಕಳಿಸಿದೆ. ಅರವತ್ತು ಡಬ್ಬಿ. ಒಂದೊಂದರಲ್ಲಿ ಎರಡು ಕಿಲೋ ಹಣ್ಣು, ಖಾಲಿ ಡಬ್ಬಿ ಇನ್ನೂರು ಗ್ರಾಮು. ಒಟ್ಟು ನೂರ ಮೂವತ್ತೆರಡು ಕಿಲೋ. ಇದನ್ನು ಬಾಯಲ್ಲೇ ಲೆಕ್ಕ ಹಾಕಿ ಆಚಾರ್ರಿಗೆ ಹೇಳಿದೆ, ಅವರು ತುಂಬಿದರು, ಹಸಿರಾಯಿತು. ಲೇಬಲ್ಲುಗಳು ಬೆಳ್ಳಗೆ ತೋಟ ತಲುಪಿದವು. ಗಾಡಿ ಮಧ್ಯಾಹ್ನ ಮೂರಕ್ಕೆ ಶೆಡ್ಡಿನಲ್ಲಿತ್ತು. ನಾನು ಅಂಗಡಿಯಲ್ಲಿ ಚಹಾ ತರಿಸಿ ಕುಡಿಯುತ್ತಿದ್ದೆ. ಮೇಡಂ ಫೋನ್ ಬಂತು.

"ಅನ್ನಾ, ಬರುವು ಸರಿಪೋಲೇದು. ತೂಕ ಹೊಂದ್ತಾ ಇಲ್ಲ. ನೀವು ನೂರ ಮೂವತ್ತೆರಡು ಹಾಕೀರಿ, ಇಲ್ಲಿ ತಕ್ಕಡಿ ನೂರ ನಲವತ್ತೊಂದು ತೋರಿಸ್ತಿದೆ."

"ಹೆಚ್ಚು ಬಂದ್ರ ಒಳ್ಳೇದಲ್ಲೇನ್ರಿ? ಪೆನ್ನು ತಗೊಂಡು ತಿದ್ದಿಬಿಡ್ರಿ."

"ತಿದ್ದೋಕೆ ಕಾಗದ ಎಲ್ಲಿದೆ, ಅನ್ನಾ? ನಿಮ್ಮ ಕಡೆಯಿಂದಾನೇ ತಿದ್ದಿ ಮತ್ತೆ ಕಳಿಸಬೇಕು. ನಾಲ್ಕಕ್ಕೆ ಬಾಗಿಲು ಹಾಕ್ತಾರೆ."

ಹಿಂದೆ ಹೀಗಾದಾಗ ಅಲ್ಲಿ ತೂಗಿದವರೇ ನನ್ನ ಅಂಕಿಯ ಮೇಲೊಂದು ಗೀರೆಳೆದು ಹೊಸದು ಬರೆದು ಸಹಿ ಹಾಕುತ್ತಿದ್ದರು. ಈಗ ಆ ತೂಕವನ್ನು ನಂಬಿ ವಿಮಾನ ಕಂಪನಿ ಮೊದಲೇ ಜಾಗ ಲೆಕ್ಕ ಹಾಕಿರುತ್ತದೆ. ಎರಡು ಮೂರು ಕಿಲೋ ಆಚೀಚೆ ಒಪ್ಪುತ್ತಾರೆ, ಒಂಬತ್ತು ಕಿಲೋ ಒಪ್ಪುವುದಿಲ್ಲ. ನಾನು ಆಚಾರ್ರ ಕಡೆ ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಐದು ಗಂಟೆಗೆ. ಡ್ರೈವರ್ ಹಣ್ಣನ್ನು ಹೈದರಾಬಾದಿನ ಮಾರ್ಕೆಟ್ಟಿನಲ್ಲಿ ಕೊಟ್ಟು ಖಾಲಿ ಗಾಡಿ ತಂದ.

ಆ ಸಂಜೆ ನಾನು ಮೇಡಂ ಜೊತೆ ಜಗಳ ಆಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಡಿದ್ದು ಆಡಿದೆ. ಶೆಡ್ಡಿನ ತಕ್ಕಡಿ ಕೆಟ್ಟಿದೆ ಎಂದೆ. ಹಮಾಲಿ ಮಾಡಿದವನಿಗೆ ಬೆನ್ನೇ ತಕ್ಕಡಿ, ನನಗೆ ತೂಕ ಕಲಿಸಬೇಡಿ ಎಂದೆ. ಅವರು ಕೇಳಿಸಿಕೊಂಡು, "ರೆಂಡು ಅಯಿಂದಿ," ಎಂದು ಇಟ್ಟರು.

ಮರುದಿನ ಬೆಳಿಗ್ಗೆ ನನ್ನ ತಕ್ಕಡಿಯನ್ನೇ ಪರೀಕ್ಷೆ ಮಾಡಿದೆ. ಮಾರ್ಕೆಟ್ ಯಾರ್ಡಿನ ಗೆಳೆಯರಿಂದ ಮುದ್ರೆ ಹೊಡೆದ ಕಬ್ಬಿಣದ ತೂಕದ ಕಲ್ಲುಗಳನ್ನು ತಂದು, ಐದು ಕಿಲೋ, ಹತ್ತು ಕಿಲೋ, ಇಪ್ಪತ್ತು ಕಿಲೋ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ಖಾಲಿ ಡಬ್ಬಿ ತೂಗಿದೆ, ಇನ್ನೂರು ಗ್ರಾಮೇ. ಆಚಾರ್ರು ಪಕ್ಕದಲ್ಲಿ ಕೂತು ಒಂದು ಕಾಗದದಲ್ಲಿ ಭಾಗಾಕಾರ ಮಾಡುತ್ತಿದ್ದರು.

"ಮೇಸ್ತ್ರಿ, ಒಂಬತ್ತು ಕಿಲೋನ ಅರವತ್ತಕ್ಕ ಹಂಚಿದ್ರ ಡಬ್ಬಿಗೆ ನೂರ ಐವತ್ತು ಗ್ರಾಮು ಬರ್ತದ. ಎಲ್ಲಾ ಡಬ್ಬಿಗೂ ಒಂದೇ ಸಮ ಸೇರೇತಿ ಅಂದ್ರ ಅದು ತಕ್ಕಡಿ ತಪ್ಪಲ್ಲ. ಯಾರೋ ಕೈಯಾರ ಇಟ್ಟಾರ."

"ಯಾರಿಡ್ತಾರ್ರಿ?"

"ತೋಟದಾಗ ನಿಂತು ನೋಡಿದೀಯಾ ನೀನು, ಡಬ್ಬಿ ಕಟ್ಟೋದು?"

ನೋಡಿರಲಿಲ್ಲ. ಎರಡು ಲಾಟಿಗೂ ನಾನು ಅಂಗಡಿ ಬಿಟ್ಟಿರಲಿಲ್ಲ. ಬೈಕ್ ಹತ್ತಿ ಹೊಳಗುಂದಕ್ಕೆ ಹೋದೆ. ಅಂದು ಹತ್ತಿರದ ಸಂತೆಗೆ ಹಾಕಲೆಂದು ಹಣ್ಣು ತುಂಬುತ್ತಿದ್ದರು. ಆರು ಮನೆಯ ಹೆಂಗಸರಿಗೆ ಹಿರಿಯಳು ಒಬ್ಬ ಅಜ್ಜಿ. ಎಲ್ಲರೂ ದೊಡ್ಡವ್ವ ಎನ್ನುತ್ತಾರೆ. ಬೇವಿನ ಗಿಡದ ಕೆಳಗೆ ಸಣ್ಣ ತಕ್ಕಡಿ. ಸೊಸೆ ಡಬ್ಬಿ ತುಂಬಿ ತಕ್ಕಡಿಗಿಟ್ಟು, ಸರಿಯಾಗಿ ತೂಕ ಬಂದ ಮೇಲೆ ಇಳಿಸಿ, ದೊಡ್ಡವ್ವನ ಕಡೆ ಸರಿಸುತ್ತಿದ್ದಳು. ದೊಡ್ಡವ್ವ ಮಡಿಲ ಬುಟ್ಟಿಯಿಂದ ಮೂರು ಹಣ್ಣು ಎತ್ತಿ, ಸಂದಿಯಲ್ಲಿ ಮೆಲ್ಲಗೆ ಕೂರಿಸಿ, ಮುಚ್ಚಳ ಹಾಕುತ್ತಿದ್ದಳು. ತೂಕದ ನಂತರ. ಪ್ರತಿ ಡಬ್ಬಿಗೂ. ಮೂರು ಅಂಜೂರ, ನೂರ ಐವತ್ತು ಗ್ರಾಮು.

ಕೊಸರು. ನಮ್ಮ ಸೀಮೆಯಲ್ಲಿ ಏನು ಕೊಟ್ಟರೂ, ಕೊಟ್ಟಾದ ಮೇಲೆ ಇನ್ನಿಷ್ಟು ಹಾಕಬೇಕು. ಮೆಣಸಿನಕಾಯಿಗೆ ಒಂದು ಹಿಡಿ, ಬದನೆಗೆ ಒಂದು, ಹಾಲಿಗೆ ಒಂದು ಸೌಟು. ಕೊಸರಿಲ್ಲದೆ ಕೊಟ್ಟವನ ಹತ್ತಿರ ಎರಡನೆಯ ಸಲ ಯಾರೂ ಹೋಗುವುದಿಲ್ಲ. ತೆಲುಗಿನವರಿಗೂ ಅದೇ ಮಾತು, ಅದೇ ಪದ್ಧತಿ. ನಾನು ಅದರೊಳಗೇ ಹುಟ್ಟಿ ಬೆಳೆದವನು. ಆದ್ದರಿಂದ ಅದು ನನಗೆ ತೂಕ ಎಂದೇ ಅನಿಸಿರಲಿಲ್ಲ.

"ದೊಡ್ಡವ್ವ, ದಿಲ್ಲಿ ಡಬ್ಬಿಗೂ ಹಿಂಗ ಇಟ್ಟಿದ್ದೇನು?"

"ಮತ್ತ? ಬರಿಗೈಲೆ ಕಳಿಸ್ಲೇನು? ನೀನ ಫೋನ್ ಮಾಡಿ ಹೇಳಿದ್ಯಲ್ಲೋ ನನ್ನ ಸೊಸಿಗೆ. 'ಹೊಸ ಗಿರಾಕಿ, ಕೈ ಬಿಗಿ ಹಿಡಿಬ್ಯಾಡ್ರಿ' ಅಂತ. ಒಂದು ಇಡೋಳು ಮೂರು ಇಟ್ಟೆ."

ಹೇಳಿದ್ದು ನಾನೇ. ನೆನಪಾಯಿತು. ಎರಡನೆಯ ಲಾಟಿನ ಹಿಂದಿನ ದಿನ, ಮೊದಲ ಲಾಟಿನ ಹಣ್ಣು ಮೆತ್ತಗಾಗಿ ಹೋಗಿದ್ದಕ್ಕೆ ಸಮಾಧಾನ ಆಗಲಿ ಎಂದು. ಇಪ್ಪತ್ತು ವರ್ಷ ತೂಕ ಬರೆದ ನಾನೇ ಹೇಳಿ ಹಾಕಿಸಿ, ಶೆಡ್ಡಿನ ತಕ್ಕಡಿಯನ್ನು ಕೆಟ್ಟದ್ದು ಎಂದಿದ್ದೆ. ಅಲ್ಲೇ ಬೇವಿನ ಬುಡದಲ್ಲಿ ಕೂತೆ. ಸೊಸೆ ನೀರು ತಂದು ಕೊಟ್ಟಳು.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಸಿಗ್ನಲ್ ಬೋರಿನ ಮೋಟರ್ ಮನೆಯ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತದೆ, ನಿಂತೇ ಮಾತಾಡಿದೆ.

"ಮೇಡಂ, ನಿಮ್ಮ ತಕ್ಕಡಿ ಸರಿ ಐತಿ. ತಪ್ಪು ನಂದು. ನಿನ್ನೆ ಆಡಿದ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಇಲ್ಲಿ ಕೊಸರು ಹಾಕ್ಯಾರ."

ಆ ಕಡೆಯಿಂದ ನಗು ಕೇಳಿಸಿತು. "ಕೊಸರಾ? ಮಾ ಅಮ್ಮಮ್ಮ ಕೂಡಾ ಅಂತೇ, ಅನ್ನಾ." ಅವರ ಅಜ್ಜಿಯೂ ಹಾಗೇ ಅಂತೆ. ಆದರೆ ನಕ್ಕು ಮುಗಿದ ಕೂಡಲೇ, "ಇನ್ನೊಂದೇ ಲಾಟು ಉಳಿದಿದೆ. ಸೋಮವಾರ," ಎಂದರು.

ಸುಲಭದ ದಾರಿ, ಕೊಸರು ನಿಲ್ಲಿಸುವುದು. ಅದನ್ನೇ ಹೇಳಿದೆ. ದೊಡ್ಡವ್ವ ಬುಟ್ಟಿ ಕೆಳಗಿಟ್ಟಳು.

"ಅಳೆದು ಸುರಿದಂಗ ಕಳ್ಸೋದಾದ್ರ ನಾ ಕಳ್ಸಂಗಿಲ್ಲ. ನಿಮ್ಮ ವಿಮಾನ ನಿಮಗ, ನನ್ನ ಹಣ್ಣು ನನಗ. ಸಂತಿಗೆ ಹಾಕ್ತೀನಿ."

"ಹಂಗಲ್ಲ ದೊಡ್ಡವ್ವ, ಕೊಸರನ್ನೂ ತಕ್ಕಡಿಗಿಟ್ಟು ತೂಗಿಬಿಡೋಣು."

"ತೂಗಿದ್ರ ಅದು ಕೊಸರು ಹೆಂಗಾದೀತೋ? ಮಾರಿದಂಗ ಆತು. ಏನು ಓದಿದ್ಯೋ ನೀನು!"

"ಏಳನೇ ಕ್ಲಾಸು," ಎಂದೆ. ಹೆಂಗಸರೆಲ್ಲ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಊರಿಗೆ ಬಂದು ಆಚಾರ್ರ ಮುಂದೆ ಎಲ್ಲ ಹೇಳಿದೆ. ಅವರು ಗುಮಾಸ್ತರಾಗಿ ಮೂವತ್ತು ವರ್ಷ ದಸ್ತಾವೇಜು ಓದಿದವರು. ಖಾನೆಗಳ ಹೆಸರನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ವ್ಯಾಪಾರಿಯ ಬಿಲ್ಲಿನಲ್ಲಿ ಮಾರಿದ ಹಣ್ಣಿನ ತೂಕ ಇರುತ್ತದೆ. ಏರ್‌ವೇ ಬಿಲ್ಲು ಕೇಳುವುದು ಡಬ್ಬಿಯ ಒಟ್ಟು ತೂಕವನ್ನು, ರಟ್ಟು, ಹುಲ್ಲು, ಅಂಟುಪಟ್ಟಿ ಎಲ್ಲ ಸೇರಿ.

"ನೋಡಪಾ, ವಿಮಾನ ಹೊರೋದು ಎಷ್ಟು ಅಂತ ಕೇಳ್ತದ, ಮಾರಿದ್ದು ಎಷ್ಟು ಅಂತ ಕೇಳಂಗಿಲ್ಲ. ಆ ಅಮ್ಮ ಕೊಡೋದು ಕೊಡ್ಲಿ. ಹೊರೋರಿಗೆ ಹೊರೆ ಎಷ್ಟಂತ ಹೇಳಬೇಕಾದ್ದು ನಿನ್ನ ಕೆಲಸ."

ಹಮಾಲಿ ಮಾಡಿದವನಿಗೆ ಈ ಮಾತು ತಿಳಿಯಲು ಅರ್ಥ ಹುಡುಕಬೇಕಿಲ್ಲ. ಚೀಲದೊಳಗೆ ಯಾರ ಪಾಲು ಎಷ್ಟಾದರೂ ಇರಲಿ, ಬೆನ್ನಿನ ಮೇಲೆ ಬೀಳುವುದು ಒಟ್ಟು ತೂಕ. ಆ ಹೊತ್ತಿಗೆ ನಾನೊಂದು ತೀರ್ಮಾನ ಮಾಡಿದೆ. ಇಷ್ಟು ವರ್ಷ ಬಿಲ್ಲು ಮೊದಲು, ಡಬ್ಬಿ ಆಮೇಲೆ. ಇನ್ನು ಡಬ್ಬಿ ಮೊದಲು. ಕೊಸರು ಬಿದ್ದು, ಮುಚ್ಚಳ ಮುಚ್ಚಿ, ಅಂಟುಪಟ್ಟಿ ಹಾಕಿದ ಮೇಲೆ ಒಂದೊಂದನ್ನೇ ತೂಗಿ, ಕೂಡಿಸಿ, ಕೊನೆಗೆ ಬಿಲ್ಲು. ಅದಕ್ಕೆ ಅಂಗಡಿಯೇ ತೋಟಕ್ಕೆ ಹೋಗಬೇಕು. ಕಂಪ್ಯೂಟರ್, ಲೇಬಲ್ ಯಂತ್ರ, ತಕ್ಕಡಿ, ಬ್ಯಾಟರಿ, ಆಚಾರ್ರು, ಎಲ್ಲ.

ಅಪಾಯ ಇಲ್ಲದಿರಲಿಲ್ಲ. ತೋಟದಿಂದ ಶೆಡ್ಡಿಗೆ ಆರೂವರೆ ತಾಸಿನ ದಾರಿ. ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ. ಒಂಬತ್ತಕ್ಕೆ ಗಾಡಿ ಬಿಡಲೇಬೇಕು. ಸಿಗ್ನಲ್ ಕೈಕೊಟ್ಟರೆ ಬಿಲ್ಲೇ ಇಲ್ಲ. ಹಿಂದಿನ ದಿನವೇ ಹಸಿರು ಮಾಡಿಟ್ಟುಕೊಳ್ಳುವ ನೆಮ್ಮದಿ ಹೋಯಿತು. ಆಚಾರ್ರಿಗೆ ಬೆಳಿಗ್ಗೆ ಐದಕ್ಕೇ ಹೊರಡಬೇಕು ಎಂದಾಗ ಷರತ್ತು ನೆನಪಿಸಿದರು.

"ಸಂಧ್ಯಾವಂದನಿ?"

"ಬೋರಿನ ನೀರು ಧೋ ಅಂತ ಬೀಳ್ತಾವ್ರಿ. ಅಲ್ಲೇ ಮಾಡ್ರಿ."

ಸೋಮವಾರ ಅವರು ಬೋರಿನ ಹತ್ತಿರ ಅರ್ಘ್ಯ ಕೊಡುವಾಗ ಈ ಕಡೆ ಹೆಂಗಸರು ಹಣ್ಣು ಕೀಳುತ್ತಿದ್ದರು. ತೊಟ್ಟಿನ ಹಾಲು ಕೈಗೆ ತಾಕಿದರೆ ಉರಿ. ಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ಏಳಕ್ಕೆ ಡಬ್ಬಿ ಕಟ್ಟಲು ಶುರು. ಮೊದಲ ತಕ್ಕಡಿ ಸೊಸೆಯದು, ಎರಡು ಕಿಲೋ. ಡಬ್ಬಿ ದೊಡ್ಡವ್ವನ ಮುಂದೆ ಸರಿಯುತ್ತದೆ. ಅವಳು ಕೊಸರು ಇಟ್ಟು ಮುಚ್ಚುತ್ತಾಳೆ. ಅಂಟುಪಟ್ಟಿ. ನಾಲ್ಕು ಹೆಜ್ಜೆ ಆಚೆ, ಅವಳ ಬೆನ್ನ ಹಿಂದೆ, ನನ್ನ ತಕ್ಕಡಿ. ಬೇಕೆಂದೇ ಹಿಂದೆ ಇಟ್ಟಿದ್ದೆ.

ದೊಡ್ಡವ್ವ ತಿರುಗಿ ನೋಡಿದಳು. "ಮತ್ತ ತೂಗ್ತೀಯೇನೋ ಕಳ್ಳ?"

"ನಿನ್ನ ಕೊಸರು ತೂಗಾಕತ್ತಿಲ್ಲ ದೊಡ್ಡವ್ವ. ನನ್ನ ಡಬ್ಬಿ ತೂಗಾಕತ್ತೀನಿ. ನೀ ಮುಚ್ಚಳ ಹಾಕಿದ ಮ್ಯಾಲ ಅದು ನಂದು."

ಅವಳು ಬಾಯಲ್ಲಿ ಎಲೆ ಅಡಿಕೆ ಹೊರಳಿಸುತ್ತ ಯೋಚನೆ ಮಾಡಿದಳು. "ನಿಂದಾದ್ರ ಏನರ ಮಾಡ್ಕೊ," ಎಂದು ಮುಂದಿನ ಡಬ್ಬಿಗೆ ಕೈ ಹಾಕಿದಳು. ಮೂರರ ಬದಲು ಆ ದಿನ ನಾಲ್ಕು ಹಾಕುತ್ತಿದ್ದಳು, ನನ್ನ ಮೇಲಿನ ಹಟಕ್ಕೋ ಏನೋ. ಹಾಕಲಿ. ನನಗೆ ಚಿಂತೆ ಇರಲಿಲ್ಲ.

ಒಂದೊಂದರ ತೂಕ ನಾನು ಕೂಗಿ ಹೇಳಿದೆ, ಆಚಾರ್ರು ಡಬ್ಬಿಗೊಂದು ನಂಬರು ಹಾಕಿ ಬರೆದುಕೊಂಡರು. ಎರಡು ಮುನ್ನೂರ ಎಂಬತ್ತು. ಎರಡು ನಾನೂರ ಹತ್ತು. ಎರಡು ನಾನೂರು. ಒಂದೂ ಇನ್ನೊಂದರ ಹಾಗಿಲ್ಲ. ಅರವತ್ತು ಮುಗಿದಾಗ ಎಂಟು ಗಂಟೆ ಹದಿನೈದು ನಿಮಿಷ. ಒಟ್ಟು ನೂರ ನಲವತ್ನಾಲ್ಕು ಕಿಲೋ. ಮೋಟರ್ ಮನೆಯ ಮೆಟ್ಟಿಲ ಮೇಲೆ ಫೋನಿಟ್ಟು, ಅದರ ಇಂಟರ್ನೆಟ್ಟಿಗೆ ಕಂಪ್ಯೂಟರ್ ಜೋಡಿಸಿ, ಆಚಾರ್ರು ಒಂದೊಂದೇ ಖಾನೆ ತುಂಬಿದರು. ಸಿಗ್ನಲ್ ಒಮ್ಮೆ ಆಂಧ್ರದ್ದು, ಒಮ್ಮೆ ಕರ್ನಾಟಕದ್ದು ಹಿಡಿದು ಗಿರಗಿರ ತಿರುಗಿತು. ಎಂಟೂಮುಕ್ಕಾಲಿಗೆ ಹಸಿರು. ಅರವತ್ತು ಲೇಬಲ್ ಹೊರಬಂದವು. ಅಂಟಿಸಿ ಗಾಡಿಗೆ ಏರಿಸತೊಡಗಿದೆವು.

ಕೊನೆಯ ಸಾಲು ಏರಿಸುವಾಗ ಡ್ರೈವರ್ ಕೂಗಿದ. "ಭಾಯ್, ಇಲ್ಲಿ ನೋಡು." ಎರಡು ಡಬ್ಬಿಯ ತಳ ಒದ್ದೆಯಾಗಿತ್ತು. ಬೋರಿನ ಕಾಲುವೆಯ ಪಕ್ಕ ಇಟ್ಟಿದ್ದವು. ಒಳಗೆ ತೇವ ಇಳಿದು ಅಡಿಯ ಹಣ್ಣು ಬಿರಿದಿವೆ. ಬಿಚ್ಚಿ ತೋರಿಸಬೇಕಿರಲಿಲ್ಲ, ಘಮ ಹೊರಗೆ ಬರುತ್ತಿತ್ತು. ಇರುವೆಯೂ ಹತ್ತಿತ್ತು.

"ಇಳಿಸು," ಎಂದೆ.

"ಇಳಿಸಿದ್ರೆ ಐವತ್ತೆಂಟು ಆಗ್ತದೆ. ಲೇಬಲ್ ಮೇಲೆ ಅರವತ್ತು ಬರೆದದೆ. ಬೇಗ ಬೇರೆ ಹಣ್ಣು ತುಂಬಿ ಅದೇ ಡಬ್ಬಿ ಹಾಕೋಣ. ಇಲ್ಲಾ ಹಂಗೇ ಹೋಗ್ಲಿ, ಎರಡೇ ಅಲ್ಲಾ?"

ಬೇರೆ ಹಣ್ಣು ಇರಲಿಲ್ಲ. ಆಯ್ದು ಉಳಿದದ್ದು ಎಲ್ಲ ಬಲಿತು ಮೆತ್ತಗಾದದ್ದು. ಹಾಗೇ ಹೋಗಲಿ ಎಂದರೆ ಲೆಕ್ಕ ಸರಿಹೋಗುತ್ತದೆ, ತೂಕ ಸರಿಹೋಗುತ್ತದೆ, ಯಂತ್ರಕ್ಕೆ ಒಳಗೆ ಹಣ್ಣು ಬಿರಿದದ್ದು ಕಾಣಿಸುವುದಿಲ್ಲ. ಗಡಿಯಾರ ಒಂಬತ್ತು ಬಾರಿಸುವುದರಲ್ಲಿತ್ತು. ಕೋಡು ಉಳಿಯುತ್ತದೆ. ದೆಹಲಿಯ ವ್ಯಾಪಾರಿ ಆ ಎರಡು ಡಬ್ಬಿ ತೆರೆದಾಗ ದೊಡ್ಡವ್ವನ ನಾಲ್ಕು ನಾಲ್ಕು ಹಣ್ಣಿನ ಕೊಸರು ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಅವಳು ಅಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು.

"ಆಚಾರ್ರ, ಈ ಬಿಲ್ಲು ರದ್ದು ಮಾಡ್ರಿ. ಹೊಸಾದು ಮಾಡ್ರಿ. ಐವತ್ತೆಂಟು ಡಬ್ಬಿ."

"ಮೇಸ್ತ್ರಿ, ಒಂಬತ್ತಾತು. ಸಿಗ್ನಲ್ ಸಿಗಲಿಲ್ಲಂದ್ರ ಇದೂ ಇಲ್ಲ, ಅದೂ ಇಲ್ಲ."

"ಮಾಡ್ರಿ."

ನೂರ ನಲವತ್ನಾಲ್ಕರಲ್ಲಿ ಆ ಎರಡರ ತೂಕ ಕಳೆದರು. ಬರೆದಿಟ್ಟುಕೊಂಡ ಪಟ್ಟಿ ಆಗ ಕೆಲಸಕ್ಕೆ ಬಂತು, ಮತ್ತೆ ತೂಗಬೇಕಾಗಲಿಲ್ಲ. ಗುಂಡಿ ಒತ್ತಿದರು. ಕೆಂಪು. ರದ್ದಾದ ಬಿಲ್ಲಿನ ನಂಬರನ್ನೇ ಹಾಕಿದ್ದರು, ಅವಸರಕ್ಕೆ. "ಅವಸರ ಮಾಡಬಾರದು ಅಂದಿದ್ದೆನಲ್ಲೋ," ಎಂದು ನನ್ನನ್ನೇ ಬೈದರು. ಹೊಸ ನಂಬರು ಹಾಕಿದರು. ಚಕ್ರ ತಿರುಗಿತು, ತಿರುಗಿತು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿ ಕೂತಿದ್ದ. ಸೊಸೆ ಹೋಗಿ ಮೆಟ್ಟಿಲ ಮೇಲಿನ ಫೋನನ್ನು ಎತ್ತಿ ತಲೆಯ ಮೇಲೆ ಹಿಡಿದು ನಿಂತಳು, ಬಿಂದಿಗೆ ಹಿಡಿದ ಹಾಗೆ. ಹಸಿರಾಯಿತು.

ಹೊಸ ಲೇಬಲ್ಲುಗಳನ್ನು ಹಳೆಯದರ ಮೇಲೆ ಸರಿಯಾಗಿ ಮುಚ್ಚುವಂತೆ ಅಂಟಿಸಬೇಕು, ಹಳೆಯ ಗೆರೆ ಕಂಡರೆ ಕೈಯಂತ್ರ ಎರಡನ್ನೂ ಓದಿ ತಬ್ಬಿಬ್ಬಾಗುತ್ತದೆ. ಎಲ್ಲರೂ ಸೇರಿ ಅಂಟಿಸಿದೆವು, ದೊಡ್ಡವ್ವ ಕೂಡ. ಅವಳು ಅಂಟಿಸಿದ್ದೇ ಎಲ್ಲಕ್ಕಿಂತ ನೇರವಾಗಿತ್ತು. ಗಾಡಿ ಬಿಟ್ಟಾಗ ಒಂಬತ್ತೂ ಇಪ್ಪತ್ತೈದು.

ಆರೂವರೆ ತಾಸು ಸೇರಿಸಿದರೆ ನಾಲ್ಕಕ್ಕೆ ಐದು ನಿಮಿಷ ಕಡಿಮೆ. ದಾರಿಯಲ್ಲಿ ಒಂದು ಚಹಾ ಕುಡಿಯುವಷ್ಟೂ ಬಿಡುವಿಲ್ಲ. ಎಮ್ಮಿಗನೂರು ದಾಟಿದಾಗ ಡ್ರೈವರ್ ಒಂದು ಫೋನ್ ಮಾಡಿದ, ಕರ್ನೂಲು ದಾಟಿದಾಗ ಒಂದು. ಆಮೇಲೆ ನಾನೇ ಮಾಡಬೇಡ ಎಂದೆ, ಗಾಡಿ ನೋಡಿ ಓಡಿಸು ಎಂದೆ. ನಾನು ತೋಟದಿಂದ ಊರಿಗೆ ಹೋಗಲಿಲ್ಲ. ಹೋಗಿ ಏನು ಮಾಡುವುದು, ಅಂಗಡಿ ಪೂರ್ತಿ ಇಲ್ಲೇ ಇತ್ತು. ದೊಡ್ಡವ್ವನ ಮನೆಯವರು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಒಂದು ರೊಟ್ಟಿ ಮುರಿದು ಹಾಗೇ ಇಟ್ಟೆ. ಆಚಾರ್ರು ತಮ್ಮ ಡಬ್ಬಿಯ ಅವಲಕ್ಕಿ ತಿಂದು, ಹಾಳೆಯ ಮೇಲೆ ಐವತ್ತೆಂಟು ತೂಕಗಳನ್ನು ಮತ್ತೆ ಮತ್ತೆ ಕೂಡಿಸಿದರು. ಪ್ರತಿ ಸಲವೂ ಅದೇ ಮೊತ್ತ ಬಂತು.

"ಸಾಕು ಬಿಡ್ರಿ, ಸವೆದು ಹೋಗ್ತಾವ," ಎಂದೆ.

ಮೂರೂ ಐವತ್ತಕ್ಕೆ ಮೋಟರ್ ಮನೆಯ ಮೆಟ್ಟಿಲ ಮೇಲೆ ಹೋಗಿ ನಿಂತೆ. ನಾಲ್ಕಾಯಿತು. ನಾಲ್ಕೂ ಹತ್ತು. ಹೆಂಗಸರು ಕೆಲಸ ಬಿಟ್ಟು ನನ್ನ ಮುಖ ನೋಡುತ್ತಿದ್ದರು, ನಾನು ಜೋಳದ ಹೊಲದ ಕಡೆ ನೋಡುತ್ತಿದ್ದೆ. ನಾಲ್ಕೂ ಇಪ್ಪತ್ತಕ್ಕೆ ಡ್ರೈವರ್ ಫೋನ್.

"ತಗೊಂಡ್ರು, ಭಾಯ್."

"ಎಷ್ಟೊತ್ತಿಗೆ?"

"ಬಾಗಿಲಾಗ ಮೂರೂ ಐವತ್ತೆರಡು. ಒಂದೊಂದೇ ಡಬ್ಬಿಗೆ ಟಿಕ್ ಟಿಕ್ ಅಂತ ಹಿಡಿದ್ರು. ತೂಕ ಹಾಕಿದ್ರು. ಒಳಗ ಕಳ್ಸಿದ್ರು."

"ಏನು ಕೇಳಿದ್ರು?"

"ಏನೂ ಕೇಳಲಿಲ್ಲ, ಭಾಯ್. ನಾ ಹೇಳಾಕ ಬಾಯಿ ತೆರೆದೆ, 'ಪಕ್ಕಕ್ಕೆ ಜರಗು' ಅಂದ್ರು. ಹಿಂದಿನ ಗಾಡಿಯವನ ನಂಬರು ಬಂದಿತ್ತು."

ಇಪ್ಪತ್ತು ವರ್ಷದಲ್ಲಿ ಒಂದು ಲಾಟೂ ನಾನು ಮಾತಾಡದೆ ಹೋದದ್ದಿಲ್ಲ. ಒಬ್ಬರಿಗೆ ಕೈಮುಗಿದು, ಒಬ್ಬರನ್ನು ನಗಿಸಿ, ಒಬ್ಬರಿಗೆ ಗದರಿ ಕಳಿಸಿದ್ದೇನೆ. ಅದನ್ನೇ ಕೆಲಸ ಎಂದುಕೊಂಡಿದ್ದೆ. ಏನೂ ಕೇಳಲಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಸ್ವಲ್ಪ ಖಾಲಿ ಅನಿಸಿತು. ಆಮೇಲೆ ಹೆಗಲ ಮೇಲಿಂದ ನೂರು ಕಿಲೋದ ಚೀಲ ಇಳಿಸಿದಾಗ ಬೆನ್ನು ತಾನಾಗಿ ಮೇಲಕ್ಕೆ ಏಳುತ್ತದಲ್ಲ, ಹಾಗಾಯಿತು. ಹೊತ್ತವರಿಗೆ ಅದು ಗೊತ್ತು.

ಮೇಡಂ ಒಂದು ಸಾಲಿನ ಮೆಸೇಜ್ ಕಳಿಸಿದ್ದರು. ಕೋಡು ನಿಮ್ಮದೇ, ಗುರುವಾರ ಎಷ್ಟು ಡಬ್ಬಿ ಎಂದು. ಆಚಾರ್ರು ಎರಡು ಸಲ ಓದಿ ಹೇಳಿದರು. ಹೆಂಗಸರು ಏನೇನೋ ಅಂದರು, ನನಗೆ ಪೂರ್ತಿ ಕೇಳಿಸಲಿಲ್ಲ. ಬೇವಿನ ಕೆಳಗೆ ಖಾಲಿ ಗೋಣಿಚೀಲ ಹಾಸಿದ್ದರು. ಒಂದು ನಿಮಿಷ ಒರಗುತ್ತೇನೆ ಎಂದು ಕೂತವನು ಚಪ್ಪಲಿಯನ್ನೂ ಬಿಡದೆ ಅಡ್ಡಾದೆ.

ಆಚಾರ್ರು ಎಬ್ಬಿಸಲು ಬಂದದ್ದು ಅರೆನಿದ್ದೆಯಲ್ಲಿ ಗೊತ್ತಾಯಿತು. ಊರಿಗೆ ಹೋಗಬೇಕು, ಸಂಜೆ ಪೂಜೆಗೆ ಹೊತ್ತಾಯಿತು ಎನ್ನುತ್ತಿದ್ದರು.

"ಮಲಗ್ಲಿ ಬಿಡ್ರಿ ಸ್ವಾಮಿ," ಎಂದಳು ದೊಡ್ಡವ್ವ. "ಇನ್ನಿಷ್ಟು ಹೊತ್ತು ಮಲಗ್ಲಿ."